ಶಿರಸಿಯಲ್ಲಿ ಕಂಬಳಿ, ಕಾರವಾರದಲ್ಲಿ ಫ್ಯಾನು: ಈ ಸಲ ಬೇಸಿಗೆಯ ಲೆಕ್ಕ ಹೇಗೆ ಹಾಕೋದು?

ಕೆರೆಮೂಲೆ (ಶಿರಸಿ), ಭಾನುವಾರ ರಾತ್ರಿ
ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಮುಗಿಯಿತು, ಚಳಿ ಮಾತ್ರ "ಶಿವ ಶಿವ" ಅನ್ನುತ್ತಾ ಹೋಗಿಲ್ಲ. ಬೆಳಗಿನ ಜಾವ ಇನ್ನೂ ಕಂಬಳಿ ಬೇಕು. ಎಂಟು ಗಂಟೆಯವರೆಗೂ ತೋಟದಲ್ಲಿ ಅಡಿಕೆ ಸೋಗೆಯಿಂದ ಇಬ್ಬನಿ ಟಪ ಟಪ ಬೀಳುತ್ತದೆ. ಹನ್ನೊಂದಾದರೆ ಅಂಗಳದಲ್ಲಿ ಬರಿಗಾಲು ಇಡುವ ಹಾಗಿಲ್ಲ. ಕಾರವಾರದ ತಂಗಿಗೆ ಫೋನ್ ಮಾಡಿದರೆ "ಅಣ್ಣಾ, ನಿಂಗೆ ಕಂಬಳಿಯಾ? ನಮಗಿಲ್ಲಿ ರಾತ್ರಿಯಿಡೀ ಫ್ಯಾನು, ಆದ್ರೂ ನಿದ್ದೆ ಇಲ್ಲ" ಅನ್ನುತ್ತಾಳೆ.

ವಿಷಯ ಏನೆಂದರೆ, ನಮ್ಮದು ತಗ್ಗಿನ ತೋಟ. ಇಷ್ಟು ದಿನ ತೇವ ಇತ್ತು, ನೀರು ಹಾಯಿಸಿಲ್ಲ. ಕೆರೆಯಲ್ಲಿ ನೀರು ಹೋದ ವರ್ಷಕ್ಕಿಂತ ಕಡಿಮೆ ಇದೆ. ಈಗಲೇ ಶುರು ಮಾಡಿದರೆ ಏಪ್ರಿಲ್ ಕೊನೆಗೆ ಕೆರೆ ಖಾಲಿ. ತಡ ಮಾಡಿದರೆ ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುವ ಭಯ. ಹವಾಮಾನ ಇಲಾಖೆಯ ಮಾರ್ಚ್‌ನಿಂದ ಮೇವರೆಗಿನ ಮುನ್ನೋಟ ಈ ವಾರ ಬರಬೇಕು. ಅದನ್ನು ನಂಬಿ ಲೆಕ್ಕ ಹಾಕಬಹುದಾ? ಫೋನಿನ ಆ್ಯಪ್‌ಗಳು ಒಂದೊಂದು ಒಂದೊಂದು ಹೇಳುತ್ತಿವೆ.

ಪಂಪ್‌ಸೆಟ್ ಭಾವ
ಮುನ್ನೋಟ ನಂಬಿ ತೋಟ ಮಾಡಿದವರು ಯಾರೂ ಇಲ್ಲ ಭಾವ. ಮಣ್ಣು ಮುಟ್ಟಿ ನೋಡು, ಒಣಗಿದ್ದರೆ ನೀರು ಬಿಡು. ಮುಗೀತು.

ಕಾಳಿದಂಡೆ (ಕಾರವಾರ)
ನಿಮ್ಮ ತಂಗಿ ಹೇಳಿದ್ದು ನೂರಕ್ಕೆ ನೂರು ನಿಜ. ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಗೆ ಹೊರಟರೆ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬೆನ್ನು ಒದ್ದೆ. ಚಳಿ ಅನ್ನುವುದು ನಮಗೆ ಡಿಸೆಂಬರ್‌ನಲ್ಲಿ ಒಂದು ವಾರ ಬಂದು ಹೋಗುವ ನೆಂಟರು ಮಾತ್ರ.

ಹಳಿಯಾಳ ಹುಡುಗ
ನಮ್ಮಲ್ಲಿ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಕೊಡೆ. ಎರಡೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಗಾಳಿಮಾಪಕ (ಹೊನ್ನಾವರ)
ಕೆರೆಮೂಲೆಯವರೆ, ಮೊದಲು ಒಂದು ವಿಷಯ ತಿಳಿದಿರಲಿ. ಇಲಾಖೆಯ ಲೆಕ್ಕದಲ್ಲಿ ನೀವು ಘಟ್ಟದವರಲ್ಲ, ಕರಾವಳಿಯವರು! ಇಲಾಖೆ ದೇಶವನ್ನು ಉಪವಿಭಾಗಗಳಾಗಿ ಹಂಚಿದೆ. ನಮ್ಮ ರಾಜ್ಯದಲ್ಲಿ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಗಡಿ ಹಾಕಿರುವುದು ಜಿಲ್ಲೆಯ ಪ್ರಕಾರ. ಹಾಗಾಗಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಪೂರ್ತಿ "ಕರಾವಳಿ ಕರ್ನಾಟಕ". ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯೂ ಅದರಲ್ಲೇ, ಧಾರವಾಡದ ಬಗಲಿನ ಹಳಿಯಾಳವೂ ಅದರಲ್ಲೇ. ಟಿವಿಯಲ್ಲಿ "ಕರಾವಳಿಗೆ ಬಿಸಿಗಾಳಿ ಎಚ್ಚರಿಕೆ" ಅಂತ ಬಂದರೆ ಅದು ನಿಮ್ಮ ತಂಗಿಗೆ ಹೇಳಿದ್ದು. ನಿಮ್ಮ ಕೆರೆಗಲ್ಲ.

ಹಳಿಯಾಳ ಹುಡುಗ
ನಾವು ಕರಾವಳಿಯವರಾ? ಹಾಗಾದರೆ ನಮ್ಮೂರ ಸಂತೆಯಲ್ಲಿ ಬಂಗಡೆಗೆ ಯಾಕೆ ಅಷ್ಟು ರೇಟು ಮಾರಾಯ್ರೆ?

ಬೈತಖೋಲ ಬೋಟ್
ಬಂಗಡೆಗೆ ನಮ್ಮಲ್ಲೇ ರೇಟು ಜಾಸ್ತಿ. ನೀರು ಬಿಸಿಯಾದರೆ ಮೀನು ಆಳಕ್ಕೆ ಇಳಿಯುತ್ತದೆ, ಡೀಸೆಲ್ ಸುಡಬೇಕು. ಮಾರ್ಚ್ ಬಂತೆಂದರೆ ನಮಗೆ ಜೂನ್ 1ರ ಮೀನುಗಾರಿಕೆ ಬಂದ್ ಕಾಣಲು ಶುರುವಾಗುತ್ತದೆ.

ತೆಂಗಿನಗೆರೆ (ಕುಮಟಾ)
ಇಪ್ಪತ್ತು ವರ್ಷದ ಹಿಂದೆ ಇಷ್ಟು ಸೆಕೆ ಇರಲಿಲ್ಲ. ಕೈಗಾ ಅಣುಸ್ಥಾವರ ಶುರುವಾದ ಮೇಲೆ ಕಾರವಾರ, ಅಂಕೋಲಾ, ಕುಮಟಾ ಎಲ್ಲ ಕಾದ ಕಾವಲಿ. ಯಾರೂ ಬಾಯಿ ಬಿಡುವುದಿಲ್ಲ.

ಕಾಳಿದಂಡೆ (ಕಾರವಾರ)
ಬಂತು ನೋಡಿ ಕೈಗಾ.

ಗಾಳಿಮಾಪಕ (ಹೊನ್ನಾವರ)
ತೆಂಗಿನಗೆರೆಯವರೆ, ಕೈಗಾದಲ್ಲಿ ಇರುವುದು 220 ಮೆಗಾವ್ಯಾಟಿನ 4 ಘಟಕ. ಅಲ್ಲಿನ ಬಿಸಿನೀರು ಕದ್ರಾ ಜಲಾಶಯಕ್ಕೆ ಹೋಗುತ್ತದೆ. ಆ ನೀರಿನಿಂದ ಮೀನಿಗೆ, ನದಿಗೆ ಏನಾಗುತ್ತದೆ ಅನ್ನುವುದು ಕೇಳಬೇಕಾದ ಪ್ರಶ್ನೆ. ಆದರೆ ಅದು ಕುಮಟಾದವರೆಗಿನ ಗಾಳಿಯನ್ನು ಬಿಸಿ ಮಾಡುವಷ್ಟು ದೊಡ್ಡದಲ್ಲ. ಒಂದು ಮಧ್ಯಾಹ್ನದ ಬಿಸಿಲು ನಮ್ಮ ಜಿಲ್ಲೆಯ ಹತ್ತು ಸಾವಿರ ಚದರ ಕಿಲೋಮೀಟರ್ ಮೇಲೆ ಸುರಿಯುವ ಶಾಖದ ಮುಂದೆ ಅದು ಏನೂ ಅಲ್ಲ.

ಫೆಬ್ರವರಿ ಕೊನೆಗೆ ಕಾರವಾರ ಇದ್ದಕ್ಕಿದ್ದಂತೆ ಕಾಯುವುದಕ್ಕೆ ಕಾರಣ ಗಾಳಿ. ದಿನಾ ಬೆಳಿಗ್ಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಗಾಳಿ ಹಗುರಾಗಿ ಏಳುತ್ತದೆ. ಆ ಜಾಗಕ್ಕೆ ಸಮುದ್ರದ ಗಾಳಿ ಬರುತ್ತದೆ. ಮಧ್ಯಾಹ್ನದೊಳಗೆ ಅದು ಬಂದುಬಿಟ್ಟರೆ ಉಷ್ಣಾಂಶ ಅಲ್ಲಿಗೇ ನಿಲ್ಲುತ್ತದೆ. ಆದರೆ ಈ ತಿಂಗಳಲ್ಲಿ ಮೂಡಗಾಳಿ (ಪೂರ್ವದಿಂದ ಬೀಸುವ ಗಾಳಿ) ಜೋರಾಗಿದ್ದರೆ ಅದು ಸಮುದ್ರದ ಗಾಳಿಯನ್ನು ದಡದಲ್ಲೇ ತಡೆದು ನಿಲ್ಲಿಸುತ್ತದೆ. ಎರಡು ಗಂಟೆಯಾದರೂ ಬರುವುದಿಲ್ಲ. ಮೇಲಿಂದ ಆ ಮೂಡಗಾಳಿ ಘಟ್ಟ ಇಳಿದು ಬರುವಂಥದ್ದು. ಇಳಿಯುವಾಗ ಒತ್ತಡ ಹೆಚ್ಚಿ ಗಾಳಿ ತಾನೇ ಬಿಸಿಯಾಗುತ್ತದೆ, ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ. ಶಿರಸಿಯಲ್ಲಿ 31 ಇದ್ದ ಒಣಗಾಳಿ ಹಾಗೇ ಕೆಳಗಿಳಿದರೆ ಸಮುದ್ರದ ಮಟ್ಟಕ್ಕೆ ಬರುವಾಗ 37 ಆಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಗಾಳಿ ಗಟ್ಟಿಯಾಗುತ್ತದೆ. ಆಗ ಸೆಕೆ ಜಾಸ್ತಿ, ಆದರೆ ಉಷ್ಣಾಂಶ ಇಷ್ಟು ಹಾರುವುದಿಲ್ಲ. ಹಾಗಾಗಿಯೇ ಕರಾವಳಿಯ ದಾಖಲೆ ಬಿಸಿಲು ಮೇ ಬದಲು ಫೆಬ್ರವರಿ–ಮಾರ್ಚ್‌ನಲ್ಲೇ ಹೆಚ್ಚು ಸುದ್ದಿಯಾಗುವುದು.

ತೆಂಗಿನಗೆರೆ (ಕುಮಟಾ)
ಲೆಕ್ಕ ಎಲ್ಲ ಸರಿ. ಹೆದ್ದಾರಿ ಅಗಲ ಮಾಡುವಾಗ ಕಡಿದ ಮರಗಳ ಲೆಕ್ಕವನ್ನೂ ಸೇರಿಸಿ. ಅದನ್ನಾದರೂ ಒಪ್ಪುತ್ತೀರಾ?

ಗಾಳಿಮಾಪಕ (ಹೊನ್ನಾವರ)
ಅದನ್ನು ಪೂರ್ತಿ ಒಪ್ಪುತ್ತೇನೆ. ನೆರಳು ಹೋದ ರಸ್ತೆಯಲ್ಲಿ ನಡೆಯುವವನಿಗೆ ಆಗುವ ವ್ಯತ್ಯಾಸ ಯಾವ ಮುನ್ನೋಟದಲ್ಲೂ ಕಾಣುವುದಿಲ್ಲ.

ರಥಬೀದಿ (ಗೋಕರ್ಣ)
ನಿನ್ನೆ ನನ್ನ ಕಾರಿನಲ್ಲಿ 42 ತೋರಿಸಿತು. ಫೋಟೋ ಇದೆ. ಇಲಾಖೆ ಮಾತ್ರ 36 ಅನ್ನುತ್ತದೆ. ಇವರು ಬೇಕಂತಲೇ ಕಡಿಮೆ ಹೇಳುತ್ತಾರೆ.

ಹಳಿಯಾಳ ಹುಡುಗ
ಕಾರನ್ನು ಡಾಂಬರಿನ ಮೇಲೆ ಬಿಸಿಲಿಗೆ ನಿಲ್ಲಿಸಿ ಬೇಳೆ ಬೇಯಿಸಿಕೊಳ್ಳಬಹುದು ಸಾರ್. ಅದು ಊರಿನ ಉಷ್ಣಾಂಶ ಅಲ್ಲ.

ಟೀಚರಮ್ಮ (ಹೊನ್ನಾವರ)
ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಹವಾಮಾನ ಕೇಂದ್ರದಲ್ಲಿ ಉಷ್ಣಮಾಪಕ ಇಡುವುದು ಬಿಳಿ ಬಣ್ಣದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ. ನೆಲದಿಂದ ನಾಲ್ಕು ಅಡಿ ಎತ್ತರ, ಸುತ್ತ ಬಯಲು. ಅಳೆಯುವುದು ನೆರಳಿನ ಗಾಳಿಯನ್ನು. ದೇಶದ ಎಲ್ಲ ಕಡೆ ಹೀಗೇ ಅಳೆದರೆ ಮಾತ್ರ ಊರಿಗೆ ಊರು, ವರ್ಷಕ್ಕೆ ವರ್ಷ ಹೋಲಿಸಬಹುದು. ನಿಮ್ಮ ಕಾರು ಸುಳ್ಳು ಹೇಳಿಲ್ಲ ಸಾರ್, ರಸ್ತೆಯ ಬಿಸಿ ಹೇಳಿದೆ ಅಷ್ಟೇ.

ಇನ್ನೊಂದು. ಬಿಸಿಗಾಳಿ ಅಂತ ಘೋಷಿಸುವ ಅಳತೆ ಎಲ್ಲ ಕಡೆ ಒಂದೇ ಅಲ್ಲ. ಬಯಲುಸೀಮೆಗೆ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಸಾಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ನಮಗೆ ಬೆವರು ಆರುವುದಿಲ್ಲವಲ್ಲ, ಹಾಗಾಗಿ ನಮ್ಮ 37 ಕಲಬುರಗಿಯ 40ಕ್ಕಿಂತ ಸುಲಭ ಏನಲ್ಲ. 2023ರ ಮಾರ್ಚ್‌ನಲ್ಲಿ ಪಕ್ಕದ ಗೋವಾದಲ್ಲಿ ಇದೇ ಕಾರಣಕ್ಕೆ ಎರಡು ದಿನ ಶಾಲೆ ಮಧ್ಯಾಹ್ನದೊಳಗೆ ಬಿಟ್ಟಿದ್ದರು. ನಾವು ಇಲ್ಲಿ ಮೈದಾನದಲ್ಲಿ ಮಕ್ಕಳನ್ನು ಕಬಡ್ಡಿ ಆಡಿಸುತ್ತಿದ್ದೆವು.

ಕೆರೆಮೂಲೆ (ಶಿರಸಿ), ಸೋಮವಾರ ಬೆಳಿಗ್ಗೆ
ಗಾಳಿಮಾಪಕರೆ, ನಾನು ಕರಾವಳಿಯವನು ಅಂತ ಮನೆಯಲ್ಲಿ ಹೇಳಿದೆ. ಅಮ್ಮ ನಂಬಲಿಲ್ಲ. "ಹಂಗಾದ್ರೆ ಈ ಚಳಿ ಎಲ್ಲಿಂದ ಬಂತು" ಅಂತ ಕೇಳಿದಳು. ನನಗೂ ಅದೇ ಪ್ರಶ್ನೆ. ಮಧ್ಯಾಹ್ನ ಅಷ್ಟು ಬಿಸಿಲಿದ್ದರೂ ರಾತ್ರಿ ಯಾಕೆ ಇಷ್ಟು ಚಳಿ?

ಗಾಳಿಮಾಪಕ (ಹೊನ್ನಾವರ)
ಮೋಡ ಇಲ್ಲ, ಗಾಳಿಯಲ್ಲಿ ನೀರಿನಂಶ ಕಡಿಮೆ. ನೆಲ ಹಗಲು ಪಡೆದ ಬಿಸಿಯನ್ನೆಲ್ಲ ರಾತ್ರಿ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಮೇಲಿಂದ ನಿಮ್ಮದು ತಗ್ಗಿನ ತೋಟ. ತಣ್ಣಗಾದ ಗಾಳಿ ಭಾರ, ಗುಡ್ಡದಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ರಸ್ತೆಯ ಮೇಲಿನ ಮನೆಗೂ ನಿಮ್ಮ ತೋಟದ ತಳಕ್ಕೂ ಬೆಳಗಿನ ಜಾವ ನಾಲ್ಕೈದು ಡಿಗ್ರಿ ವ್ಯತ್ಯಾಸ ಇದ್ದರೆ ಆಶ್ಚರ್ಯವಿಲ್ಲ. ಬೇಸಿಗೆ ಬಂತಾ ಅಂತ ನೋಡಬೇಕಾದರೆ ಮಧ್ಯಾಹ್ನದ ಅಂಕಿ ನೋಡಬೇಡಿ, ರಾತ್ರಿಯದನ್ನು ನೋಡಿ. ಇಬ್ಬನಿ ನಿಂತು, ರಾತ್ರಿ ಬೆಚ್ಚಗಾಗಲು ಶುರುವಾದರೆ ಗಾಳಿಯಲ್ಲಿ ನೀರಿನಂಶ ಏರುತ್ತಿದೆ ಅಂತ ಅರ್ಥ. ಅಲ್ಲಿಂದ ಮೊದಲ ಗುಡುಗು ಬಹಳ ದೂರ ಇರುವುದಿಲ್ಲ.

ಸಿದ್ದಾಪುರದವ (ಈಗ ಬೆಂಗಳೂರು)
ಆಲೆಮನೆ ನೆನಪಾಯಿತು. ರಾತ್ರಿ ಒಲೆಯ ಮುಂದೆ ಮುಖ ಸುಡುತ್ತಿರುತ್ತದೆ, ಬೆನ್ನು ಚಳಿಗೆ ಮರಗಟ್ಟಿರುತ್ತದೆ. ಕೈಯಲ್ಲಿ ನೊರೆಬೆಲ್ಲ. ಈ ವಾರ ಯಾರ ಮನೆಯಲ್ಲಾದರೂ ಇದೆಯಾ? ಶನಿವಾರ ಬಸ್ ಹತ್ತುತ್ತೇನೆ.

ಪಂಪ್‌ಸೆಟ್ ಭಾವ
ಬಾ ಮಾರಾಯ. ಬರುವಾಗ ಪಾತ್ರೆ ತಾ, ಬೆಲ್ಲ ಹಾಕಿ ಕೊಡುತ್ತಾರೆ. ಕಬ್ಬಿನ ಹಾಲು ಕುಡಿದು ರಾತ್ರಿ ಹೊರಗೆ ಮಲಗಬೇಡ, ಹೋದ ವರ್ಷ ನಮ್ಮ ಅಳಿಯ ಒಂದು ವಾರ ಸೀನಿದ.

ಇಶಾಡು (ಅಂಕೋಲಾ)
ಎಲ್ಲರೂ ಮಾವು ಮರೆತಿರಿ. ನಮ್ಮ ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು, ಹೆಸರು ಬಂತು. ಹೂವಿಗೆ ಬೇಕಾದ ಚಳಿ ಮಾತ್ರ ಯಾರೂ ಕೊಡಿಸಲಾರರು. ಡಿಸೆಂಬರ್, ಜನವರಿ ರಾತ್ರಿ ತಂಪಾಗಿದ್ದರೆ ಹೂ ಚೆನ್ನಾಗಿ ಬರುತ್ತದೆ. ಈ ಸಲ ಹೂ ತಡವಾಗಿ, ಎರಡು ಕಂತಿನಲ್ಲಿ ಬಂದಿದೆ. ಈಗ ಒಂದೇ ಮರದಲ್ಲಿ ಒಂದು ಕೊಂಬೆಯಲ್ಲಿ ಗೋಲಿಯಷ್ಟು ಕಾಯಿ, ಇನ್ನೊಂದರಲ್ಲಿ ಹೂ. ಇಂಥ ಹೊತ್ತಿಗೆ ಒಮ್ಮೆಲೇ ಬಿಸಿ ಏರಿದರೆ ಎಳೆಕಾಯಿ ಉದುರುತ್ತದೆ. ಮೋಡ ಕಟ್ಟಿದರೆ ಜಿಗಿಹುಳ. ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು ಅಂದರೆ ಬೂದಿರೋಗ. ಮುನ್ನೋಟದಲ್ಲಿ "ಸಾಮಾನ್ಯಕ್ಕಿಂತ ಹೆಚ್ಚು" ಅಂತ ಒಂದು ಸಾಲು ಬರೆದರೆ ನಾನು ಯಾವ ಔಷಧಿ ಹೊಡೆಯಲಿ?

ಮಿಡಿಭರಣಿ (ಶಿರಸಿ)
ಅಪ್ಪೆಮಿಡಿಯ ಕಥೆಯೂ ಅದೇ. ಅಘನಾಶಿನಿ ಹೊಳೆ ದಂಡೆಯ ಮರದಲ್ಲಿ ಹೂ ಕಂಡಿದ್ದೆ, ಈ ವಾರ ನೋಡಿದರೆ ಅರ್ಧ ಕಪ್ಪಾಗಿದೆ. ಉಪ್ಪಿನಕಾಯಿಗೆ ಈಗಲೇ ಯಾರಿಗಾದರೂ ಹೇಳಿಟ್ಟುಕೊಳ್ಳಿ.

ಆಗರದ ಮಗ (ಸಾಣಿಕಟ್ಟೆ)
ಎಲ್ಲರೂ ಬಿಸಿಲನ್ನು ಬೈಯುತ್ತಿದ್ದೀರಿ. ನಮಗೆ ಇದೇ ಹಬ್ಬ. ಒಣ ಮೂಡಗಾಳಿ, ನೆತ್ತಿ ಸುಡುವ ಬಿಸಿಲು ಇದ್ದರೆ ಪಾತಿಯಲ್ಲಿ ಉಪ್ಪು ಬೇಗ ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಬರುವ ಒಂದೇ ಒಂದು ಜೋರು ಮಳೆ ನಮಗೆ ಬಿಸಿಗಾಳಿಗಿಂತ ದೊಡ್ಡ ನಷ್ಟ. ನೀವು ತೋಟದವರು ದಯವಿಟ್ಟು ಮಳೆಗೆ ಹರಕೆ ಹೊರಬೇಡಿ.

ಇಶಾಡು (ಅಂಕೋಲಾ)
ಹರಕೆ ಹೊತ್ತಾಯಿತು. ಆದರೆ ಘಟ್ಟದ ಮೇಲೆ ಮಾತ್ರ ಬರಲಿ ಅಂತ ಹೇಳಿದ್ದೇವೆ.

ತೆಂಗಿನಗೆರೆ (ಕುಮಟಾ)
ನಮ್ಮ ಸಿಹಿ ಈರುಳ್ಳಿಯೂ ಉಪ್ಪಿನವರ ಪಕ್ಷ. ಕಿತ್ತು ಜಡೆ ಹೆಣೆದು ಹೆದ್ದಾರಿ ಬದಿಯಲ್ಲಿ ತೂಗುಹಾಕುವ ಹೊತ್ತಿಗೆ ಮಳೆ ಬಂದರೆ ಕೊಳೆಯುತ್ತದೆ. ಸೆಕೆಗೆ ಬೈಯುವುದು ನಿಜ, ಆದರೆ ಎರಡು ತಿಂಗಳು ಸಹಿಸಿಕೊಳ್ಳುತ್ತೇವೆ.

ಸಿದ್ದಾಪುರದವ (ಈಗ ಬೆಂಗಳೂರು)
ಸರಿ, ಆದರೆ ಮುನ್ನೋಟ ಅಂದರೆ ಏನು ಅಂತ ಯಾರೂ ಹೇಳಲಿಲ್ಲ. "ಸಾಮಾನ್ಯಕ್ಕಿಂತ ಹೆಚ್ಚು ಬಿಸಿ ಇರುವ ಸಾಧ್ಯತೆ" ಅಂದರೆ ದಿನಾ ಬಿಸಿ ಅಂತಲಾ?

ಗಾಳಿಮಾಪಕ (ಹೊನ್ನಾವರ)
ಅಲ್ಲ. 1991ರಿಂದ 2020ರವರೆಗಿನ 30 ವರ್ಷದ ಸರಾಸರಿ "ಸಾಮಾನ್ಯ". ಆ ವರ್ಷಗಳನ್ನು ಮೂರು ಪಾಲು ಮಾಡಿ: ತಂಪಿನವು, ನಡುವಿನವು, ಬಿಸಿಯವು. ಏನೂ ಗೊತ್ತಿಲ್ಲದಿದ್ದರೆ ಪ್ರತಿ ಪಾಲಿಗೆ ಶೇಕಡಾ 33. ನಕ್ಷೆಯಲ್ಲಿ ನಮ್ಮ ಕಡೆ ಶೇಕಡಾ 55 ಬಿಸಿ ಅಂತ ಬಣ್ಣ ಬಳಿದರೆ, ಉಳಿದ 45 ಬಿಸಿಯಲ್ಲದ ಕಡೆಗೂ ಇದೆ ಅಂತ ಅರ್ಥ. ಅದೂ ಮೂರು ತಿಂಗಳ ಸರಾಸರಿ. ನಡುವೆ ಒಂದು ವಾರ ತಣ್ಣಗಿದ್ದರೂ ಮುನ್ನೋಟ ಸುಳ್ಳಾಗುವುದಿಲ್ಲ. ಯಾವ ದಿನ ಮೂಡಗಾಳಿ, ಯಾವ ದಿನ ಗುಡುಗು, ಅದನ್ನು ಹೇಳುವುದು ನಾಲ್ಕೈದು ದಿನದ ಮುನ್ಸೂಚನೆ. ಕಾಳಿದಂಡೆಯವರಿಗೆ ಅದು ಬೇಕು. ಕೆರೆಮೂಲೆಯವರಿಗೆ ಎರಡೂ ಅಷ್ಟಾಗಿ ಉಪಯೋಗವಿಲ್ಲ, ಯಾಕೆಂದರೆ ಅವರ ಕೆರೆ ಹೋದ ಮಳೆಗಾಲವನ್ನು ನೆನಪಿಟ್ಟುಕೊಂಡಿದೆ. 2024ರ ಬೇಸಿಗೆ ನೆನಪಿದೆಯಲ್ಲ? 2023ರ ಎಲ್‌ನಿನೊ (ಪೆಸಿಫಿಕ್ ಸಾಗರ ಬಿಸಿಯೇರುವುದು) ಮಳೆಯನ್ನು ನುಂಗಿತ್ತು, ಅದರ ಸಾಲ ತೀರಿಸಿದ್ದು ಮರುವರ್ಷ ಏಪ್ರಿಲ್‌ನಲ್ಲಿ ಬಾವಿಗಳು.

ಪಂಪ್‌ಸೆಟ್ ಭಾವ
ಈಗ ಸರಿ ಮಾತಾಡಿದಿರಿ. 2024ರಲ್ಲಿ ನಮ್ಮ ಕೇರಿಯಲ್ಲಿ ಜಾತ್ರೆಗೆ ಬಂದ ನೆಂಟರಿಗೆ ಸ್ನಾನಕ್ಕೆ ನೀರು ಅಳೆದು ಕೊಡಬೇಕಾಯಿತು.

ಮಿಡಿಭರಣಿ (ಶಿರಸಿ)
ಮಾರಿಕಾಂಬೆಯ ಜಾತ್ರೆ ಆ ವರ್ಷ ಮಾರ್ಚ್ 19ಕ್ಕೆ ಶುರು. ಬಿಡಕಿ ಬಯಲಿನಲ್ಲಿ ಮಧ್ಯಾಹ್ನ ಸಾಲಿನಲ್ಲಿ ನಿಂತು ನನ್ನ ಅತ್ತೆಗೆ ತಲೆ ಸುತ್ತಿತ್ತು. ಅದೇ ಅತ್ತೆ ರಾತ್ರಿ ನಾಟಕಕ್ಕೆ ಶಾಲು ಹೊದ್ದು ಬೆಳಗಿನವರೆಗೆ ಕೂತರು. ದರ್ಶನಕ್ಕೆ ಆಗದ ಶಕ್ತಿ ನಾಟಕಕ್ಕೆ ಬರುತ್ತದೆ.

ಬೆಟ್ಟದಂಚು (ಯಲ್ಲಾಪುರ)
ನೀರಿನ ವಿಷಯಕ್ಕೆ ಬರುತ್ತೇನೆ. ಅಡಿಕೆಗೆ ಬುಡಕ್ಕೆ ನೀರು ಹಾಯಿಸುವುದಾದರೆ ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಮರಕ್ಕೆ ಸುಮಾರು 175 ಲೀಟರ್ ಅಂತ ಶಿಫಾರಸು ಇದೆ. ಡ್ರಿಪ್ ಆದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಲೆಕ್ಕ ಹಾಕಿ ನೋಡಿ, ಕೆರೆ ಅರ್ಧದಷ್ಟು ಉಳಿಯುತ್ತದೆ. ಸ್ಪ್ರಿಂಕ್ಲರ್ ಇದ್ದರೆ ಮಧ್ಯಾಹ್ನ ಹಚ್ಚಬೇಡಿ, ಮೂಡಗಾಳಿ ಅರ್ಧ ನೀರನ್ನು ಪಕ್ಕದವರ ಬೆಟ್ಟಕ್ಕೆ ಒಯ್ಯುತ್ತದೆ.

ಪಂಪ್‌ಸೆಟ್ ಭಾವ
ನಮ್ಮ ಅಜ್ಜ ತೋಟಕ್ಕೆ ಒಂದು ಹನಿ ನೀರು ಹಾಕಿದವರಲ್ಲ. ಸೊಪ್ಪು, ದರಕು (ಒಣ ಎಲೆ) ದಪ್ಪಗೆ ಹಾಸಿ ಬಿಡುತ್ತಿದ್ದರು. ಮರ ಈಗಲೂ ನಿಂತಿದೆ.

ಬೆಟ್ಟದಂಚು (ಯಲ್ಲಾಪುರ)
ಅಜ್ಜನ ಕಾಲದಲ್ಲಿ ತೋಟದ ತಲೆಯಲ್ಲಿ ಕಾಡು ಇತ್ತು, ಹಳ್ಳ ಮೇ ತಿಂಗಳಲ್ಲೂ ಹರಿಯುತ್ತಿತ್ತು. ಈಗ ತಲೆಯಲ್ಲಿ ನಾಲ್ಕು ಬೋರ್‌ವೆಲ್ ಇವೆ. ಅದರಲ್ಲಿ ಎರಡು ನಿಮ್ಮವೇ ಅಲ್ವಾ ಭಾವ?

ಪಂಪ್‌ಸೆಟ್ ಭಾವ
ಒಂದು.

ಟೀಚರಮ್ಮ (ಹೊನ್ನಾವರ)
ದರಕು ಗುಡಿಸಲು ಬೆಟ್ಟಕ್ಕೆ ಹೋಗುವವರು ಜಾಗ್ರತೆ. ಕಾಡು ಒಣಗುವ ಈ ಕಾಲದಲ್ಲೇ ಉಣುಗಿನ (ಉಣ್ಣೆ ಹುಳದ) ಕಾಟ ಜಾಸ್ತಿ. ಅದರಿಂದ ಹರಡುವ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರವನ್ನು ಎಷ್ಟು ಕಾಡಿತು ಅಂತ ಎಲ್ಲರಿಗೂ ಗೊತ್ತು. ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ತಿಳಿಸಿ. ಜ್ವರ ಬಂದರೆ "ಬಿಸಿಲಿಗೆ ಬಂತು" ಅಂತ ಸುಮ್ನೆ ಮನೆಯಲ್ಲಿ ಮಲಗಬೇಡಿ.

ಕಾಳಿದಂಡೆ (ಕಾರವಾರ), ಮಂಗಳವಾರ ಮಧ್ಯಾಹ್ನ
ಗಾಳಿಮಾಪಕರ ಮಾತು ಪರೀಕ್ಷೆ ಮಾಡಿದೆ. ಇವತ್ತು ಒಂದೂವರೆಯಾದರೂ ಬೀಚ್ ಕಡೆಯ ಬಾವುಟ ಸಮುದ್ರದತ್ತ ಹಾರುತ್ತಿತ್ತು. ತುಟಿ ಒಡೆಯುವಷ್ಟು ಒಣ ಬಿಸಿ. ಎರಡೂಕಾಲಿಗೆ ಬಾವುಟ ತಿರುಗಿತು. ಹತ್ತೇ ನಿಮಿಷ, ಬಿಸಿ ಇಳಿಯಿತು. ಆಮೇಲೆ ಬೆವರು ಶುರು. ಯಾವುದು ಒಳ್ಳೆಯದು ಅಂತ ಇನ್ನೂ ತೀರ್ಮಾನಿಸಿಲ್ಲ. ಮುರುಗಲು ಪಾನಕ ಕುಡಿದು ಯೋಚಿಸುತ್ತಿದ್ದೇನೆ.

ರಥಬೀದಿ (ಗೋಕರ್ಣ)
ಕಾರಿನಲ್ಲಿ 43.

ಹಳಿಯಾಳ ಹುಡುಗ
ಬೇಳೆ ಬೆಂದಿರಬೇಕು.

ಕೆರೆಮೂಲೆ (ಶಿರಸಿ), ಮಂಗಳವಾರ ರಾತ್ರಿ
ಎಲ್ಲರ ಮಾತು ಓದಿದೆ. ಮುನ್ನೋಟಕ್ಕೆ ಕಾಯುವುದಿಲ್ಲ. ತೋಟದ ಮೇಲಿನ ಪಟ್ಟಿಯ ಎಳೆ ಸಸಿಗಳಿಗೆ ಈ ವಾರ ಡ್ರಿಪ್ ಹಾಕುತ್ತೇನೆ. ತಗ್ಗಿನ ಹಳೆ ಮರಗಳಿಗೆ ದರಕು ದಪ್ಪ ಮಾಡಿ, ಇಬ್ಬನಿ ನಿಲ್ಲುವವರೆಗೆ ನೀರು ಮುಟ್ಟಿಸುವುದಿಲ್ಲ. ಅಂಗಳದಲ್ಲಿ ಇನ್ನೂ ಚಾಲಿ (ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಒಣಗುತ್ತಿದೆ, ಅದಕ್ಕೆ ಈ ಬಿಸಿಲು ಒಂದು ವಾರ ಹೀಗೇ ಇರಲಿ.

ಬೆಟ್ಟದಂಚು (ಯಲ್ಲಾಪುರ)
ಡ್ರಿಪ್ ಪೈಪನ್ನು ದರಕಿನ ಕೆಳಗೆ ಹಾಸಿ, ಮೇಲೆ ಬೇಡ. ಫಿಲ್ಟರ್ ಹಾಕಿ. ಕೆರೆ ನೀರಿನ ಪಾಚಿ ಹದಿನೈದು ದಿನದಲ್ಲಿ ತೂತು ಮುಚ್ಚುತ್ತದೆ.

ಪಂಪ್‌ಸೆಟ್ ಭಾವ
ಮತ್ತೆ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಕೊಡುತ್ತಾರೆ ಅಂತ ಮೊದಲು ಕೇಳಿಕೊಂಡು ಬಾ. ನಮಗೆ ಈ ವಾರ ರಾತ್ರಿ ಒಂದಕ್ಕೆ. ಕಂಬಳಿ ಹೊದ್ದು ಹೋಗಬೇಕು ಸ್ವಿಚ್ ಒತ್ತಲು.